ಸಂಪರ್ಕ ಫಾರ್ಮ್‌ನ ಸಂದೇಶ ಇಮೇಲ್‌ಗೆ ಮುಟ್ಟಬೇಕಾದರೆ: ಯಾವ ದಾರಿ ಯಾರಿಗೆ?

ಜಾಲತಾಣದ 'ನಮ್ಮನ್ನು ಸಂಪರ್ಕಿಸಿ' ಪುಟದಲ್ಲಿ ಹೆಸರು, ಫೋನ್ ಸಂಖ್ಯೆ, ನಾಲ್ಕು ಸಾಲಿನ ಸಂದೇಶ ತುಂಬಿ ಗುಂಡಿ ಒತ್ತಿದರೆ ಅದು ಮಾಲೀಕರ ಇಮೇಲ್‌ಗೆ ಹೋಗಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಸಣ್ಣ ಜಾಲತಾಣಗಳಲ್ಲಿ ಯಾರ ಗಮನಕ್ಕೂ ಬಾರದೆ ಕೆಟ್ಟು ಕೂರುವ ಭಾಗವೂ ಇದೇ. ಪುಟ ತೆರೆಯದಿದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಫಾರ್ಮ್‌ನ ಸಂದೇಶ ಮುಟ್ಟದಿದ್ದರೆ ಹೇಳುವವರೇ ಇಲ್ಲ. ಕಳಿಸಿದವರು 'ಧನ್ಯವಾದಗಳು' ಎಂಬ ಹಸಿರು ಪಟ್ಟಿ ನೋಡಿ ಉತ್ತರಕ್ಕೆ ಕಾಯುತ್ತಾರೆ; ಮಾಲೀಕರು ಈ ತಿಂಗಳು ಯಾರೂ ವಿಚಾರಿಸಲಿಲ್ಲ ಎಂದುಕೊಳ್ಳುತ್ತಾರೆ.

ಸರ್ವರ್‌ನಲ್ಲಿ ಓಡುವ ಕೋಡ್‌ನಿಂದ ಇಮೇಲ್ ಕಳಿಸಲು ಮುಖ್ಯವಾಗಿ ಮೂರು ದಾರಿಗಳಿವೆ: ಪಿಎಚ್‌ಪಿ ಭಾಷೆಯ ಮೇಲ್() ಫಂಕ್ಷನ್, ಎಸ್‌ಎಂಟಿಪಿ (ಇಮೇಲ್ ಸಾಗಿಸುವ ನಿಯಮಾವಳಿ) ಮೂಲಕ ಕಳಿಸುವ ಲೈಬ್ರರಿ ಅಂದರೆ ಸಿದ್ಧ ಕೋಡ್, ಇಮೇಲ್ ಸೇವಾ ಕಂಪನಿಗಳ ಎಪಿಐ (ಅವರ ಸೇವೆಯನ್ನು ನಮ್ಮ ಕೋಡ್‌ನಿಂದ ಕರೆಯುವ ದಾರಿ). ಸ್ವಂತ ಸರ್ವರ್ ಇಲ್ಲದವರಿಗೆ ನಾಲ್ಕನೆಯದೊಂದಿದೆ. ಪಿಎಚ್‌ಪಿ ಒಳ್ಳೆಯದೋ, ನೋಡ್ ಒಳ್ಳೆಯದೋ, ಪೈಥಾನ್ ಒಳ್ಳೆಯದೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ; ಸಂದೇಶ ಮುಟ್ಟುವುದಕ್ಕೂ ಭಾಷೆಗೂ ಸಂಬಂಧ ಬಹಳ ಕಡಿಮೆ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ನಿಮ್ಮ ಡೊಮೇನ್‌ನ ಡಿಎನ್‌ಎಸ್ ದಾಖಲೆ (ಆ ಹೆಸರಿನ ಜಾಲತಾಣ, ಅಂಚೆ ಎಲ್ಲಿವೆ ಎಂದು ಹೇಳುವ ಪಟ್ಟಿ) ತಿದ್ದುವ ಅಧಿಕಾರ ನಿಮ್ಮ ಕೈಯಲ್ಲಿದೆಯೇ? ನಿಮ್ಮ ಹೋಸ್ಟಿಂಗ್ ಯಾವ ಪೋರ್ಟ್‌ಗಳನ್ನು (ಸಂಪರ್ಕ ಹಾದುಹೋಗುವ, ಸಂಖ್ಯೆಯುಳ್ಳ ಬಾಗಿಲುಗಳನ್ನು) ಬಿಟ್ಟುಕೊಡುತ್ತದೆ? ಎರಡು ವರ್ಷದ ನಂತರ ಇದನ್ನು ನೋಡಿಕೊಳ್ಳುವವರು ಯಾರು?

ಕಳಿಸುವ ಮುನ್ನ ಉಳಿಸಿ

ಯಾವ ದಾರಿ ಹಿಡಿದರೂ ಬಿಡಬಾರದ ಒಂದು ಹೆಜ್ಜೆಯಿದೆ. ಫಾರ್ಮ್ ಬಂದ ಕೂಡಲೇ ಅದನ್ನು ಡೇಟಾಬೇಸ್‌ಗೆ ಸೇರಿಸಿ, ಆಮೇಲೆ ಇಮೇಲ್ ಕಳಿಸಿ. ಇಮೇಲ್ ಎಂಬುದು ಬಾಗಿಲಿನ ಗಂಟೆ ಮಾತ್ರ. ಗಂಟೆ ಕೆಟ್ಟರೆ ಬಂದವರು ಮಾಯವಾಗಬಾರದು. ದೊಡ್ಡ ಏರ್ಪಾಡೇನೂ ಬೇಡ. ಒಂದು ಎಸ್‌ಕ್ಯೂಲೈಟ್ ಕಡತ (ಇಡೀ ಡೇಟಾಬೇಸ್ ಒಂದೇ ಕಡತದಲ್ಲಿ), ಅದರಲ್ಲಿ ಒಂದು ಕೋಷ್ಟಕ, ಬಂದ ಸಮಯ, ವಿವರಗಳು, 'ಇಮೇಲ್ ಹೋಯಿತೇ' ಎಂಬ ಒಂದು ಅಂಕಣ ಇದ್ದರೆ ಸಾಕು. ಆ ಕಡತ ಮಾತ್ರ ಜಾಲತಾಣದ ಸಾರ್ವಜನಿಕ ಫೋಲ್ಡರ್‌ನ ಹೊರಗಿರಬೇಕು. ಒಳಗಿಟ್ಟರೆ ವಿಳಾಸ ಊಹಿಸಿದ ಯಾರು ಬೇಕಾದರೂ ಇಡೀ ಪಟ್ಟಿಯನ್ನು ಇಳಿಸಿಕೊಳ್ಳಬಹುದು.

ವರ್ಡ್‌ಪ್ರೆಸ್ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಹಳ ಜನ ಬಳಸುವ ಕಾಂಟ್ಯಾಕ್ಟ್ ಫಾರ್ಮ್ 7 ಪ್ಲಗಿನ್ ಸಂದೇಶಗಳನ್ನು ತಾನಾಗಿ ಎಲ್ಲಿಯೂ ಉಳಿಸುವುದಿಲ್ಲ. ಇಮೇಲ್ ಹೋಗದಿದ್ದರೆ ಸಂದೇಶವೂ ಹೋಯಿತು. ಅದೇ ಲೇಖಕರ ಫ್ಲಮಿಂಗೋ ಎಂಬ ಇನ್ನೊಂದು ಪ್ಲಗಿನ್ ಸೇರಿಸಿದರೆ ಪ್ರತಿಯೊಂದೂ ಡೇಟಾಬೇಸ್‌ನಲ್ಲಿ ಉಳಿಯುತ್ತದೆ.

ಉಳಿಸಿದ್ದನ್ನು ಎಂದಾದರೂ ಅಳಿಸಲೂ ಬೇಕು. ಹೆಸರು, ಫೋನ್ ಸಂಖ್ಯೆಗಳು ವೈಯಕ್ತಿಕ ದತ್ತಾಂಶ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ, ಯಾವ ಕೆಲಸಕ್ಕೆ ತೆಗೆದುಕೊಂಡೆವೋ ಆ ಕೆಲಸ ಮುಗಿದ ಮೇಲೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ಕೆಲವು ತಿಂಗಳಾದ ಸಾಲುಗಳನ್ನು ತಾನಾಗಿ ಅಳಿಸುವ ಒಂದು ಪುಟ್ಟ ಕ್ರಾನ್ ಕೆಲಸವನ್ನು (ಸರ್ವರ್ ನಿಗದಿತ ಸಮಯಕ್ಕೆ ಓಡಿಸುವ ಕೋಡನ್ನು) ಆರಂಭದಲ್ಲೇ ಬರೆದಿಡುವುದು ಸುಲಭ.

ಮೇಲ್(): ಒಂದೇ ಸಾಲು, ನೂರು ಅನುಮಾನ

ಪಿಎಚ್‌ಪಿ ಕಲಿಸುವ ಪಾಠಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ಲೈಬ್ರರಿ ಬೇಡ, ಪಾಸ್‌ವರ್ಡ್ ಬೇಡ, ಒಂದೇ ಸಾಲಿನ ಕೋಡ್. ಲಿನಕ್ಸ್ ಸರ್ವರ್‌ನಲ್ಲಿ ಈ ಫಂಕ್ಷನ್ ತಾನೇ ಇಮೇಲ್ ಕಳಿಸುವುದಿಲ್ಲ. ಅಲ್ಲಿರುವ ಸೆಂಡ್‌ಮೇಲ್ ಅಥವಾ ಅದರಂತೆ ನಡೆದುಕೊಳ್ಳುವ ಇನ್ನೊಂದು ಪ್ರೋಗ್ರಾಮ್‌ಗೆ ಸಂದೇಶವನ್ನು ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಅದು ಹಿಂದಿರುಗಿಸುವ 'ಟ್ರೂ' ಎಂಬ ಉತ್ತರದ ಅರ್ಥ 'ಒಪ್ಪಿಸಿದ್ದೇನೆ' ಎಂದಷ್ಟೇ, 'ತಲುಪಿದೆ' ಎಂದಲ್ಲ. ಆ ಹಸಿರು ಪಟ್ಟಿಯ ಸುಳ್ಳು ಹುಟ್ಟುವುದು ಇಲ್ಲಿ. ಮನೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಝಾಂಪ್ (ಮನೆಯಲ್ಲೇ ಪಿಎಚ್‌ಪಿ ಓಡಿಸುವ ಉಚಿತ ತಂತ್ರಾಂಶ) ಹಾಕಿ ಪ್ರಯತ್ನಿಸಿದವರಿಗೆ ಇದು ಕೆಲಸವನ್ನೇ ಮಾಡದಿರುವುದೂ ಇದೇ ಕಾರಣಕ್ಕೆ: ಒಪ್ಪಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ಇನ್ನು ದುರುಪಯೋಗದ ಇತಿಹಾಸ. 1995ರಲ್ಲಿ ಮ್ಯಾಟ್ ರೈಟ್ ಬರೆದು ಉಚಿತವಾಗಿ ಹಂಚಿದ ಫಾರ್ಮ್‌ಮೇಲ್ ಎಂಬ ಪರ್ಲ್ ಸ್ಕ್ರಿಪ್ಟ್ ಜಗತ್ತಿನ ಅಸಂಖ್ಯ ಜಾಲತಾಣಗಳಲ್ಲಿ ಕೂತಿತ್ತು. ಅದರ ಹಳೆಯ ಆವೃತ್ತಿಗಳನ್ನು ಸ್ಪ್ಯಾಮ್ ಕಳಿಸುವವರು ತಮ್ಮ ಅಂಚೆ ಕಚೇರಿಯನ್ನಾಗಿ ಮಾಡಿಕೊಂಡರು. ಪಿಎಚ್‌ಪಿ ಬಂದ ಮೇಲೂ ಅದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಬಂದವರು ತುಂಬಿದ ಇಮೇಲ್ ವಿಳಾಸವನ್ನು ಹಾಗೆಯೇ ಶಿರೋಸಾಲಿಗೆ (ಯಾರಿಂದ, ಯಾರಿಗೆ ಎಂದು ಬರೆಯುವ ಪತ್ರದ ತಲೆಭಾಗಕ್ಕೆ) ಅಂಟಿಸಿದರೆ, ವಿಳಾಸದ ಜೊತೆಗೆ ಒಂದು ಹೊಸ ಸಾಲನ್ನೂ 'ಬಿಸಿಸಿ' (ಗುಟ್ಟಾಗಿ ಪ್ರತಿ ಪಡೆಯುವವರು) ಎಂಬ ಪದವನ್ನೂ ನುಸುಳಿಸಿ ನಿಮ್ಮ ಸರ್ವರ್‌ನಿಂದಲೇ ಸಾವಿರಾರು ಜನರಿಗೆ ಕಸ ಕಳಿಸಬಹುದು. ಪಿಎಚ್‌ಪಿ 7.2ರಿಂದ ಶಿರೋಸಾಲುಗಳನ್ನು ಅರೇ (ಬಿಡಿ ಬಿಡಿ ತುಂಡುಗಳ ಪಟ್ಟಿ) ರೂಪದಲ್ಲಿ ಕೊಡುವ ಅನುಕೂಲವಿದೆ. ಮೇಲ್() ಬಳಸಲೇಬೇಕಾದರೆ ಹಾಗೆ ಕೊಡಿ, ವಿಳಾಸವನ್ನು ಮೊದಲು ಪರಿಶೀಲಿಸಿ.

ಇದಕ್ಕಿಂತ ವ್ಯಾಪಕವಾದ ತಪ್ಪು 'ಫ್ರಮ್' ವಿಳಾಸದ್ದು. ಸಂದೇಶ ಬರೆದವರ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕಿದರೆ ಉತ್ತರಿಸಲು ಸುಲಭ ಎಂದು ತೋರುತ್ತದೆ. ಆದರೆ ಯಾಹೂ ವಿಳಾಸದಿಂದ ಬಂದಂತೆ ನಿಮ್ಮ ಹೋಸ್ಟಿಂಗ್ ಸರ್ವರ್ ಪತ್ರ ಕಳಿಸಿದರೆ ಅದು ನಕಲಿ ಸಹಿ. ಯಾಹೂ 2014ರ ಏಪ್ರಿಲ್‌ನಲ್ಲಿ ತನ್ನ ಡಿಮಾರ್ಕ್ ನೀತಿಯನ್ನು (ತನ್ನ ಹೆಸರಿನಲ್ಲಿ ಬಂದರೂ ದೃಢಪಡದ ಪತ್ರಗಳನ್ನು ಏನು ಮಾಡಬೇಕೆಂದು ಡೊಮೇನ್ ಸಾರುವ ನಿಯಮವನ್ನು) 'ತಿರಸ್ಕರಿಸಿ' ಎಂದು ಬದಲಿಸಿತು. ಅಂದಿನಿಂದ ಇಂಥ ಪತ್ರಗಳನ್ನು ಡಿಮಾರ್ಕ್ ಪಾಲಿಸುವ ಸರ್ವರ್‌ಗಳು ಬಾಗಿಲಲ್ಲೇ ತಿರಸ್ಕರಿಸುತ್ತವೆ. 'ಫ್ರಮ್' ಯಾವಾಗಲೂ ನಿಮ್ಮದೇ ಡೊಮೇನ್‌ನ ವಿಳಾಸ, ಬರೆದವರದು 'ರಿಪ್ಲೈ-ಟು' ಜಾಗದಲ್ಲಿ. ಈ ನಿಯಮ ಎಲ್ಲ ದಾರಿಗಳಿಗೂ ಅನ್ವಯ.

2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಬರುವ ಪ್ರತಿ ಪತ್ರಕ್ಕೂ ಎಸ್‌ಪಿಎಫ್ (ಈ ಡೊಮೇನ್ ಪರವಾಗಿ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ) ಅಥವಾ ಡಿಕಿಮ್ (ಪತ್ರದ ಮೇಲಿನ ಡಿಜಿಟಲ್ ಸಹಿ) ಪೈಕಿ ಒಂದಾದರೂ ದೃಢೀಕರಣವನ್ನು ಕೇಳುತ್ತಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಡಿಮಾರ್ಕ್ ಕೂಡ ಬೇಕು. ಹಂಚಿಕೆಯ ಹೋಸ್ಟಿಂಗ್‌ನಲ್ಲಿ (ಹಲವು ಜಾಲತಾಣಗಳು ಒಂದೇ ಸರ್ವರ್‌ನಲ್ಲಿರುವ ಏರ್ಪಾಡಿನಲ್ಲಿ) ಮೇಲ್() ಕಳಿಸಿದ ಪತ್ರಕ್ಕೆ ಡಿಕಿಮ್ ಸಹಿ ಬೀಳುತ್ತದೋ ಇಲ್ಲವೋ ಎಂಬುದು ಹೋಸ್ಟಿಂಗ್ ಕಂಪನಿಯ ಏರ್ಪಾಡಿಗೆ ಬಿಟ್ಟದ್ದು. ಜೊತೆಗೆ ಅದೇ ಐಪಿ ವಿಳಾಸದಿಂದ ಪಕ್ಕದ ಜಾಲತಾಣದವರು ಏನು ಕಳಿಸುತ್ತಿದ್ದಾರೋ ನಿಮಗೆ ತಿಳಿಯದು. ಕಲಿಯುವುದಕ್ಕೆ ಮೇಲ್() ಸಾಕು. ಹೊಟ್ಟೆಪಾಡಿನ ವ್ಯಾಪಾರಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ಎಸ್‌ಎಂಟಿಪಿ ಲೈಬ್ರರಿ: ಹೆಚ್ಚಿನವರಿಗೆ ಇದೇ

ಇಲ್ಲಿ ನಿಮ್ಮ ಕೋಡ್ ಒಂದು ನಿಜವಾದ ಅಂಚೆಪೆಟ್ಟಿಗೆಯ ಹೆಸರು, ಪಾಸ್‌ವರ್ಡ್ ಕೊಟ್ಟು, ಗೂಢಲಿಪೀಕರಿಸಿದ ಸಂಪರ್ಕದ ಮೂಲಕ ಪತ್ರ ಕಳಿಸುತ್ತದೆ. ಪಿಎಚ್‌ಪಿಯಲ್ಲಿ ಪಿಎಚ್‌ಪಿಮೇಲರ್ ಅಥವಾ ಸಿಂಫನಿ ಮೇಲರ್, ನೋಡ್‌ನಲ್ಲಿ ನೋಡ್‌ಮೇಲರ್, ಪೈಥಾನ್‌ನಲ್ಲಿ ಜೊತೆಗೇ ಬರುವ ಎಸ್‌ಎಂಟಿಪಿಲಿಬ್. ಹಳೆಯ ಪಾಠಗಳಲ್ಲಿ ಕಾಣುವ ಸ್ವಿಫ್ಟ್ ಮೇಲರ್‌ನ ನಿರ್ವಹಣೆ 2021ರ ನವೆಂಬರ್‌ಗೆ ನಿಂತಿದೆ. ಹೊಸ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಲೈಬ್ರರಿ ಎಂದರೆ ನವೀಕರಣದ ಹೊಣೆಯೂ ಜೊತೆಗೆ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ಪಿಎಚ್‌ಪಿಮೇಲರ್‌ನಲ್ಲಿ ಗಂಭೀರ ದೋಷವೊಂದು ಬಯಲಾಯಿತು: ಕಳಿಸುವವರ ವಿಳಾಸದ ಜಾಗದಲ್ಲಿ ಕುತಂತ್ರದ ಅಕ್ಷರಗಳನ್ನು ತುಂಬಿ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದಿತ್ತು. 5.2.18ರಲ್ಲಿ ಸರಿಪಡಿಸಿದರು, ಆ ತಿದ್ದುಪಡಿಯನ್ನೂ ದಾಟುವ ದಾರಿ ಸಿಕ್ಕಿ 5.2.20 ಬರಬೇಕಾಯಿತು. ವಿಚಿತ್ರವೆಂದರೆ ಆ ದೋಷದ ಬೇರು ಇದ್ದುದು ಲೈಬ್ರರಿಯು ಎಸ್‌ಎಂಟಿಪಿ ಬಿಟ್ಟು ಅದೇ ಹಳೆಯ ಮೇಲ್() ಮೂಲಕ ಕಳಿಸುವ ಹಾದಿಯಲ್ಲಿ.

ಯಾವ ಅಂಚೆಪೆಟ್ಟಿಗೆ ಬಳಸಬೇಕು? ನಿಮ್ಮ ಡೊಮೇನ್ ಹೆಸರಿನಲ್ಲೇ ಇರುವುದು ಉತ್ತಮ. ವೈಯಕ್ತಿಕ ಜಿಮೇಲ್‌ನಿಂದಲೂ ಆಗುತ್ತದೆ, ಆದರೆ ಷರತ್ತುಗಳಿವೆ. 2022ರ ಮೇ 30ರಿಂದ ಗೂಗಲ್ ಬರೀ ಖಾತೆಯ ಪಾಸ್‌ವರ್ಡ್ ಕೊಟ್ಟು ಒಳಬರುವ ಆ್ಯಪ್‌ಗಳಿಗೆ ಬಾಗಿಲು ಮುಚ್ಚಿತು. ಈಗ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಬಳಸಬೇಕು. ದಿನದ ಮಿತಿ 500. ಸಂಪರ್ಕ ಫಾರ್ಮ್‌ಗೆ ಧಾರಾಳ. 'ಫ್ರಮ್' ಜಾಗದಲ್ಲಿ, ಆ ಖಾತೆಗೆ ಮೊದಲೇ ಸೇರಿಸಿರದ ಬೇರೆ ವಿಳಾಸ ಬರೆದರೆ ಜಿಮೇಲ್ ಅದನ್ನು ಖಾತೆಯ ವಿಳಾಸಕ್ಕೆ ಬದಲಿಸಿಬಿಡುತ್ತದೆ. ಆದರೆ ಆ ಆ್ಯಪ್ ಪಾಸ್‌ವರ್ಡ್ ಸೋರಿದರೆ ಹೋಗುವುದು ಫಾರ್ಮ್ ಮಾತ್ರವಲ್ಲ, ನಿಮ್ಮ ಇಡೀ ಅಂಚೆಪೆಟ್ಟಿಗೆ. ಹಾಗಾಗಿ ಮನೆಯ, ಬ್ಯಾಂಕಿನ ಪತ್ರಗಳಿರುವ ಖಾತೆಯನ್ನು ಇದಕ್ಕೆ ಕೊಡಬೇಡಿ. ಇದಕ್ಕೆಂದೇ ಒಂದು ಖಾತೆ ತೆರೆಯಿರಿ. ಪಾಸ್‌ವರ್ಡನ್ನು ಕೋಡ್‌ನ ಒಳಗೆ ಬರೆಯಬೇಡಿ, ಗಿಟ್‌ಹಬ್‌ಗೆ ಹೋಗುವ ಕಡತದಲ್ಲಂತೂ ಬೇಡವೇ ಬೇಡ.

ಪೋರ್ಟ್‌ಗಳ ವಿಷಯದಲ್ಲಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. 465 ಮೊದಲಿಂದಲೇ ಟಿಎಲ್‌ಎಸ್ (ಗೂಢಲಿಪೀಕರಿಸಿದ) ಸಂಪರ್ಕ, 587 ಸಾದಾ ಸಂಪರ್ಕವಾಗಿ ತೆರೆದು ಆಮೇಲೆ ಟಿಎಲ್‌ಎಸ್‌ಗೆ ಏರುವುದು, ಎರಡೂ ಸರಿ. 25 ಸರ್ವರ್‌ಗಳ ನಡುವಿನ ಅಂಚೆಗೆ ಮೀಸಲು, ನಿಮಗಲ್ಲ. ಬಾಡಿಗೆಗೆ ಸರ್ವರ್ ಕೊಡುವ ಅಮೆಜಾನ್ ಇಸಿ2 ಮತ್ತು ಗೂಗಲ್ ಕ್ಲೌಡ್‌ನಲ್ಲಿ 25 ಮುಚ್ಚಿಯೇ ಸಿಗುತ್ತದೆ. ಡಿಜಿಟಲ್‌ಓಷನ್ ಡ್ರಾಪ್ಲೆಟ್ ಎಂಬ ತನ್ನ ಬಾಡಿಗೆ ಸರ್ವರ್‌ಗಳಲ್ಲಿ 465, 587 ಕೂಡ ತಡೆಯುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಓಡಿದ ಕೋಡ್ ಕ್ಲೌಡ್ ಸರ್ವರ್‌ಗೆ ಹೋದ ಮೇಲೆ ಕಾಯುತ್ತಲೇ ಕೂತು 'ಟೈಮ್‌ಔಟ್' ಎಂದರೆ ಕೋಡನ್ನು ಬಗೆಯುವ ಮೊದಲು ಪೋರ್ಟ್ ನೋಡಿ.

ಎಪಿಐ: ಪತ್ರದ ಹಾದಿ ಕಣ್ಣಿಗೆ ಕಾಣುವಂತೆ

ಅಮೆಜಾನ್ ಎಸ್‌ಇಎಸ್, ಪೋಸ್ಟ್‌ಮಾರ್ಕ್, ಮೇಲ್‌ಗನ್, ಸೆಂಡ್‌ಗ್ರಿಡ್ ಮೊದಲಾದವು ಈ ಗುಂಪಿನವು. ಸಾಮಾನ್ಯ ವೆಬ್ ವಿನಂತಿಯಂತೆ 443ನೇ ಪೋರ್ಟ್‌ನಲ್ಲಿ ಹೋಗುವುದರಿಂದ ಮೇಲೆ ಹೇಳಿದ ತಡೆಗಳು ಇಲ್ಲಿಲ್ಲ. ಪತ್ರ ಮುಟ್ಟಿತೇ, ಹಿಂದಿರುಗಿತೇ, ಏಕೆ ಹಿಂದಿರುಗಿತು ಎಂಬುದು ಆ ಕಂಪನಿಯ ಡ್ಯಾಶ್‌ಬೋರ್ಡ್ ಪುಟದಲ್ಲಿ ಕಾಣುತ್ತದೆ. ಬೇಕಾದರೆ ನಿಮ್ಮ ಸರ್ವರ್‌ಗೇ ಬಂದು ತಿಳಿಸುತ್ತದೆ. ಈ ಒಂದು ಅನುಕೂಲವೇ ನನ್ನ ಮಟ್ಟಿಗೆ ದುಡ್ಡಿಗೆ ತಕ್ಕದ್ದು.

ದುಡ್ಡಾದರೂ ಎಷ್ಟು? ಎಸ್‌ಇಎಸ್‌ನ ದರ ಸಾವಿರ ಪತ್ರಕ್ಕೆ 0.10 ಡಾಲರ್. ದಿನಕ್ಕೆ 30 ವಿಚಾರಣೆ ಬರುವ ಹೋಂಸ್ಟೇಗೆ ತಿಂಗಳಿಗೆ 900 ಪತ್ರ, ಅಂದರೆ ಒಂಬತ್ತು ಸೆಂಟ್. ಮುಂಬೈ ವಲಯವೂ ಇದೆ. ಹೊಸ ಖಾತೆಗಳು 'ಸ್ಯಾಂಡ್‌ಬಾಕ್ಸ್' ಎಂಬ ನಿರ್ಬಂಧದಲ್ಲಿ ಶುರುವಾಗುತ್ತವೆ: 24 ಗಂಟೆಗೆ 200 ಪತ್ರ, ಅದೂ ಮೊದಲೇ ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಇದನ್ನು ಕಂಡು ಹಲವರು ಹಿಂದೆ ಸರಿಯುತ್ತಾರೆ. ಆದರೆ ಸಂಪರ್ಕ ಫಾರ್ಮ್‌ನ ಪತ್ರ ಹೋಗುವುದು ಒಬ್ಬರಿಗೇ, ಮಾಲೀಕರಿಗೆ! ಅವರ ವಿಳಾಸ ಒಂದನ್ನು ದೃಢಪಡಿಸಿದರೆ ಆ ನಿರ್ಬಂಧದೊಳಗೇ ಕೆಲಸ ನಡೆಯುತ್ತದೆ.

ತೊಡಕಿರುವುದು ಬೇರೆ ಕಡೆ. ಡಿಕಿಮ್‌ಗಾಗಿ ಡಿಎನ್‌ಎಸ್‌ನಲ್ಲಿ ದಾಖಲೆಗಳನ್ನು ಸೇರಿಸಬೇಕು (ಎಸ್‌ಇಎಸ್ ಮೂರು ಕೇಳುತ್ತದೆ). ಡೊಮೇನ್ ಕೊಂಡವರು ಯಾರು, ಅದರ ಪಾಸ್‌ವರ್ಡ್ ಎಲ್ಲಿದೆ ಎಂಬುದೇ ಗೊತ್ತಿಲ್ಲದ ಸಂಸ್ಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಜೊತೆಗೆ ಕಂಪನಿಗಳ ಉಚಿತ ಯೋಜನೆಗಳನ್ನು ನಂಬಿ ಕೂರುವಂತಿಲ್ಲ. ಸೆಂಡ್‌ಗ್ರಿಡ್ ವರ್ಷಗಳಿಂದ ಕೊಡುತ್ತಿದ್ದ ಉಚಿತ ಯೋಜನೆಯನ್ನು 2025ರಲ್ಲಿ ನಿಲ್ಲಿಸಿತು. ಹಾಗಾಗಿ ಪತ್ರ ಕಳಿಸುವ ಕೋಡನ್ನು ಒಂದೇ ಫಂಕ್ಷನ್‌ನೊಳಗೆ ಕಟ್ಟಿಡಿ. ಸೇವೆ ಬದಲಿಸಬೇಕಾದರೆ ಅಷ್ಟನ್ನೇ ತಿದ್ದಿದರಾಯಿತು.

ಸರ್ವರ್ ಇಲ್ಲದವರು

ಜಾಲತಾಣ ಬರೀ ಎಚ್‌ಟಿಎಂಎಲ್ ಕಡತಗಳಾದರೆ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ ಒಳ್ಳೆಯ ಆಯ್ಕೆ. ಬಂದ ಸಂದೇಶವನ್ನು ಗೂಗಲ್ ಶೀಟ್‌ಗೆ ಒಂದು ಸಾಲಾಗಿ ಸೇರಿಸಿ, ನಂತರ ಇಮೇಲ್ ಕಳಿಸುತ್ತದೆ. ಉಳಿಸುವ ಹೆಜ್ಜೆಯೂ ಅದರಲ್ಲೇ ಮುಗಿಯಿತು. ಸಾಮಾನ್ಯ ಖಾತೆಗೆ ದಿನಕ್ಕೆ 100 ಸ್ವೀಕೃತಿದಾರರ ಮಿತಿ. ಫಾರ್ಮ್‌ಸ್ಪ್ರೀಯಂಥ ಸಿದ್ಧ ಸೇವೆಗಳೂ ಇವೆ. ಅವುಗಳಲ್ಲಿ ನಿಮ್ಮ ಗ್ರಾಹಕರ ವಿವರ ಮೂರನೆಯವರ ಕೈಗೆ ಹೋಗುತ್ತದೆ ಎಂಬುದನ್ನು ಬಲ್ಲವರು ಬಳಸಬಹುದು.

ಕನ್ನಡದಲ್ಲಿ ಬರೆದವರಿಗೆ ಏನಾಗುತ್ತದೆ?

ಹೋಲಿಕೆಯ ಬರಹಗಳಲ್ಲಿ ಕಾಣಸಿಗದ, ಆದರೆ ನಮಗೆ ಮುಖ್ಯವಾದ ಅಳತೆಗೋಲು ಇದು. ಪಿಎಚ್‌ಪಿಮೇಲರ್‌ನ ಆರನೆಯ ಆವೃತ್ತಿಯಲ್ಲೂ ಅಕ್ಷರಸಂಕೇತ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ತಾನಾಗಿ ಇರುವುದು ಐಎಸ್‌ಒ-8859-1, ಪಶ್ಚಿಮ ಯುರೋಪಿನ ಲಿಪಿಗೆ. ಅದನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎಂದು ಒಂದು ಸಾಲಿನಲ್ಲಿ ಬದಲಿಸದಿದ್ದರೆ ಕನ್ನಡದ ಪ್ರತಿ ಅಕ್ಷರದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲು ಬರುತ್ತದೆ. ನೋಡ್‌ಮೇಲರ್, ಪೈಥಾನ್‌ನ ಹೊಸ ಇಮೇಲ್ ಮಾಡ್ಯೂಲ್ ಇದನ್ನು ತಾವೇ ನೋಡಿಕೊಳ್ಳುತ್ತವೆ. ಬರೀ ಮೇಲ್() ಆದರೆ ವಿಷಯದ ಸಾಲನ್ನು ನೀವೇ ಸಂಕೇತಕ್ಕೆ ಇಳಿಸಬೇಕು. ಒಂದು ಸಂಕೇತ ತುಂಡಿಗೆ 75 ಅಕ್ಷರಗಳ ಮಿತಿಯಿರುವುದರಿಂದ ಅದರೊಳಗೆ ಹಿಡಿಸುವುದು ಹದಿನೈದೇ ಕನ್ನಡ ಯುನಿಕೋಡ್ ಚಿಹ್ನೆಗಳು. ಉದ್ದದ ವಿಷಯವನ್ನು ಸರಿಯಾದ ಜಾಗದಲ್ಲಿ ತುಂಡರಿಸುವ ಕೆಲಸವೂ ನಿಮ್ಮ ಪಾಲಿಗೆ.

ಇಮೇಲ್‌ನ ಒಂದು ಸಾಲು 998 ಬೈಟ್‌ಗಳನ್ನು ಮೀರಬಾರದು. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್. ಮೊಬೈಲ್‌ನಲ್ಲಿ ಒಂದೇ ಉಸಿರಿಗೆ, ಎಂಟರ್ ಒತ್ತದೆ ಬರೆದ ಕನ್ನಡ ಪ್ಯಾರಾ ಆ ಮಿತಿಯನ್ನು ಸಲೀಸಾಗಿ ದಾಟುತ್ತದೆ, ದಾರಿಯ ಯಾವುದೋ ಸರ್ವರ್ ಅದನ್ನು ಅಕ್ಷರದ ನಡುವೆಯೇ ಮುರಿಯುತ್ತದೆ. ಪತ್ರದ ಒಡಲನ್ನು ಬೇಸ್64 (ಬೈಟ್‌ಗಳನ್ನು ಸಾದಾ ರೋಮನ್ ಅಕ್ಷರ, ಅಂಕಿಗಳಾಗಿ ಬರೆಯುವ) ಸಂಕೇತದಲ್ಲಿ ಕಳಿಸಿದರೆ ಈ ಕಾಟವಿಲ್ಲ. ಇನ್ನೊಂದು ಪರಿಚಿತ ಸಂಕೇತವಾದ ಕೋಟೆಡ್-ಪ್ರಿಂಟಬಲ್ ಇಂಗ್ಲಿಷಿಗೆ ಹಗುರ, ಕನ್ನಡಕ್ಕೆ ಭಾರ: ಒಂದು ಚಿಹ್ನೆಗೆ ಅದು ಒಂಬತ್ತು ಅಕ್ಷರ ತಿನ್ನುತ್ತದೆ, ಬೇಸ್64 ನಾಲ್ಕು.

ಇನ್ನು ಹೆಸರಿನ ತಪಾಸಣೆ. ರೋಮನ್ ಅಕ್ಷರ ಮಾತ್ರ ಒಪ್ಪುವ ನಿಯಮ ಕನ್ನಡವನ್ನು ನೇರವಾಗಿ ತಳ್ಳುತ್ತದೆ, ಅದು ಕಣ್ಣಿಗೆ ಕಾಣುವ ದೋಷ. ಅದಕ್ಕಿಂತ ಕಪಟದ್ದು ಯುನಿಕೋಡ್‌ನ 'ಅಕ್ಷರ' ವರ್ಗವನ್ನು ಮಾತ್ರ ಒಪ್ಪುವ ನಿಯಮ. ಅದರಲ್ಲಿ 'ರಮಣ' ಪಾಸಾಗುತ್ತಾನೆ, 'ಗಿರೀಶ' ಫೇಲಾಗುತ್ತಾನೆ, ಏಕೆಂದರೆ ಗುಡಿಸು, ದೀರ್ಘ, ಹಲಂತದ ಚಿಹ್ನೆಗಳು ಯುನಿಕೋಡ್ ಲೆಕ್ಕದಲ್ಲಿ ಬೇರೆ ವರ್ಗ, 'ಮಾರ್ಕ್'. ಎರಡೂ ವರ್ಗಗಳನ್ನು ಒಪ್ಪಿ; ಕೆಲವು ಒತ್ತಕ್ಷರಗಳಿಗೆ ಬೇಕಾಗುವ ಕಾಣದ ಜೋಡಕಗಳನ್ನೂ ಬಿಟ್ಟುಕೊಡಿ. ನಿಜ ಹೇಳಬೇಕೆಂದರೆ ಹೆಸರನ್ನು ತಪಾಸಣೆ ಮಾಡುವ ಹಟವೇ ಬೇಡ. ಉದ್ದಕ್ಕೊಂದು ಮಿತಿ, ಹೊಸ ಸಾಲಿಗೆ ನಿಷೇಧ, ಅಷ್ಟು ಸಾಕು. ಫೋನ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ತುಂಬುವವರೂ ಇದ್ದಾರೆ. ತಿರಸ್ಕರಿಸುವ ಬದಲು ಕೋಡ್‌ನಲ್ಲೇ ಪರಿವರ್ತಿಸಿಕೊಳ್ಳಿ.

ಕಸ ತಡೆಯುವುದು

ಮನುಷ್ಯರಿಗೆ ಕಾಣದ ಒಂದು ಖಾಲಿ ಜಾಗವನ್ನು ಫಾರ್ಮ್‌ನಲ್ಲಿಟ್ಟು, ಅದು ತುಂಬಿ ಬಂದರೆ ಬಾಟ್ (ತಾನಾಗಿ ಫಾರ್ಮ್ ತುಂಬುವ ಪ್ರೋಗ್ರಾಮ್) ಎಂದು ತಿಳಿದು ಸುಮ್ಮನೆ ಬಿಸಾಡುವ ಹಳೆಯ ಉಪಾಯ ಸಣ್ಣ ಜಾಲತಾಣಗಳಿಗೆ ಇಂದಿಗೂ ಒದಗುತ್ತದೆ. ಅದು ಸಾಲದಾದಾಗ ಬಂದವರು ಮನುಷ್ಯರೇ ಎಂದು ತಾನೇ ಪರೀಕ್ಷಿಸುವ, ಕ್ಲೌಡ್‌ಫ್ಲೇರ್ ಕಂಪನಿಯ ಟರ್ನ್‌ಸ್ಟೈಲ್ ಸೇರಿಸಬಹುದು. ಹಿರಿಯರನ್ನು ಟ್ರಾಫಿಕ್ ದೀಪ ಎಣಿಸಲು ಕೂರಿಸುವುದಿಲ್ಲ. ಒಂದೇ ಐಪಿಯಿಂದ ಗಂಟೆಗೆ ಇಷ್ಟೇ ಎಂಬ ಮಿತಿಯೂ ಇರಲಿ.

'ನಿಮ್ಮ ಸಂದೇಶ ತಲುಪಿದೆ' ಎಂದು ಬರೆದವರಿಗೆ ತಾನಾಗಿ ಇಮೇಲ್ ಹೋಗುವ ಏರ್ಪಾಡನ್ನು ಗ್ರಾಹಕರು ಕೇಳಿಯೇ ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಬೇರೆಯವರ ವಿಳಾಸ ತುಂಬಿ ಅವರ ಅಂಚೆಪೆಟ್ಟಿಗೆಯನ್ನು ನೂರಾರು ಪತ್ರಗಳಲ್ಲಿ ಮುಳುಗಿಸುವ ದಾಳಿಗೆ ಇಂಥ ಫಾರ್ಮ್‌ಗಳೇ ಆಯುಧ, ಕೆಟ್ಟ ಹೆಸರು ಬರುವುದು ನಿಮ್ಮ ಡೊಮೇನ್‌ಗೆ. ಬೇಕೇ ಬೇಕೆಂದರೆ, ಅವರು ಬರೆದ ಸಂದೇಶವನ್ನು ಆ ಉತ್ತರದಲ್ಲಿ ಮರಳಿ ಸೇರಿಸಬೇಡಿ.

ಹಾಗಾದರೆ ಯಾರಿಗೆ ಯಾವುದು?

ಹಂಚಿಕೆಯ ಹೋಸ್ಟಿಂಗ್‌ನಲ್ಲಿರುವ ಹೋಂಸ್ಟೇ, ಅಂಗಡಿ, ಆಸ್ಪತ್ರೆಗೆ: ಡೊಮೇನ್‌ನದೇ ಅಂಚೆಪೆಟ್ಟಿಗೆ, ಪಿಎಚ್‌ಪಿಮೇಲರ್, ಒಂದು ಕೋಷ್ಟಕ. ವರ್ಡ್‌ಪ್ರೆಸ್ ಆದರೆ ಒಂದು ಎಸ್‌ಎಂಟಿಪಿ ಪ್ಲಗಿನ್, ಜೊತೆಗೆ ಫ್ಲಮಿಂಗೋ. ಕ್ಲೌಡ್ ಸರ್ವರ್ ಇಟ್ಟುಕೊಂಡು ಬಿಲ್, ಒಟಿಪಿ ಕೂಡ ಕಳಿಸುವವರು ಎಪಿಐ ಬಿಟ್ಟು ಬೇರೆ ಯೋಚಿಸುವ ಅಗತ್ಯವಿಲ್ಲ. ಡಿಎನ್‌ಎಸ್ ಕೈಗೆ ಸಿಗದ ಶಾಲೆಗೆ, ಸಂಘಕ್ಕೆ ಆ್ಯಪ್ಸ್ ಸ್ಕ್ರಿಪ್ಟ್. ಕಾರ್ಯಕಾರಿ ಸಮಿತಿ ಬದಲಾಗುತ್ತಲೇ ಇರುವ ಕನ್ನಡ ಸಂಘಗಳು, ಇಲ್ಲಿಯವಾಗಲಿ ಹೊರದೇಶದವಾಗಲಿ, ಖಾತೆಯನ್ನು ಯಾವ ಪದಾಧಿಕಾರಿಯ ಸ್ವಂತ ಇಮೇಲ್‌ಗೂ ಕಟ್ಟಿಹಾಕಬಾರದು. ಸಂಘದ ಹೆಸರಿನ ಖಾತೆಯಿರಲಿ, ಅದರ ಕೀಲಿಗಳು ಇಬ್ಬರ ಬಳಿಯಿರಲಿ.

ಯಾವುದನ್ನು ಆರಿಸಿದರೂ ಬರೆಯುವಾಗ ನಿಜವಾದ ಪತ್ರಗಳನ್ನು ಕಳಿಸುತ್ತಾ ಕೂರಬೇಡಿ. ಮೇಲ್‌ಪಿಟ್ ಎಂಬ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರ್‌ನ 1025ನೇ ಪೋರ್ಟ್‌ನಲ್ಲಿ ಪತ್ರಗಳನ್ನು ಹಿಡಿದು 8025ರಲ್ಲಿ ಬ್ರೌಸರ್‌ಗೆ ತೋರಿಸುತ್ತದೆ. ಸರ್ವರ್‌ಗೆ ಏರಿಸಿದ ಮೇಲೆ ಒಂದು ಕನ್ನಡ ಹೆಸರು, ಉದ್ದನೆಯ ಕನ್ನಡ ಪ್ಯಾರಾ, ಒಂದು ಎಮೋಜಿ ತುಂಬಿ ಜಿಮೇಲ್ ವಿಳಾಸವೊಂದಕ್ಕೆ ಕಳಿಸಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದು ಕೋಷ್ಟಕದ ಅಕ್ಷರಸಂಕೇತ ಯುಟಿಎಫ್8ಎಂಬಿ4 ಆಗಿಲ್ಲದಿದ್ದರೆ ಸಿಕ್ಕಿಬೀಳುವುದು ಆ ಎಮೋಜಿಯಲ್ಲೇ. ಕನ್ನಡ ಮೂರು ಬೈಟ್‌ಗೆ ಮುಗಿಯುತ್ತದೆ, ಅದಕ್ಕೆ ನಾಲ್ಕು ಬೇಕು. ಪತ್ರ ಬಂದ ಮೇಲೆ ಮೂರು ಚುಕ್ಕಿಯ ಮೆನುವಿನಲ್ಲಿ ಮೂಲವನ್ನು ತೋರಿಸುವ ಆಯ್ಕೆ ಒತ್ತಿ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಇರಬೇಕು. ಕೊನೆಗೆ 'ರಿಪ್ಲೈ' ಒತ್ತಿ, ಉತ್ತರದ ಮೇಲಿನ ವಿಳಾಸ ಬರೆದವರದೇ ಎಂದು ನೋಡಿಕೊಳ್ಳಿ.